ಜಾಗಕ್ಕಿಟ್ಟ ಚಿತ್ರ

ಮುಖಪುಟದ ಹುಡುಗಿಯ ಎಡಗೆನ್ನೆಯ ಮೇಲಿದ್ದ ಹನಿಯನ್ನು ಅವಳು ಅಳಿಸಿದಳು. ಕುರ್ಚಿಗೆ ಒರಗಿ ನೋಡಿದಳು. ಹನಿ ಹೋದದ್ದೇ ತಡ, ಮುಖದ ಜೀವವೂ ಹೋಗಿತ್ತು. ಗಗನಯಾತ್ರಿಯ ಗಾಜಿನ ಶಿರಸ್ತ್ರಾಣದೊಳಗೆ ಬಟ್ಟೆ ಅಂಗಡಿಯ ಗೊಂಬೆಯ ತಲೆ ತಂದಿಟ್ಟ ಹಾಗಿತ್ತು. ಹನಿಯನ್ನು ಮತ್ತೆ ತಂದಿಟ್ಟಳು. ಬೆಳಗ್ಗೆ ಬಂದು ಕೂತಾಗಿನಿಂದ ಇದೇ ಕೆಲಸ, ಅಳಿಸುವುದು, ತಂದಿಡುವುದು. ಹಿಂದಿನಿಂದ ಹಾದುಹೋಗುವವರು ಒಂದು ಗಳಿಗೆ ನಿಂತು ಪರದೆಯ ಮೇಲಿನ ಹುಡುಗಿಯನ್ನು ನೋಡುತ್ತಿದ್ದರು. ನಿಂತವರ ಉಸಿರು ಕತ್ತಿಗೆ ತಾಗಿದಂತಾಗಿ ಅವಳ ಬೆನ್ನು ಬಿಗಿಯುತ್ತಿತ್ತು. ಜಾಹೀರಾತು ವಿಭಾಗದವನು, ಹುಟ್ಟಿದಮೇಲೆ ಯಾರನ್ನೂ ಹೊಗಳಿ ಗೊತ್ತಿಲ್ಲದವನು, ಕಣ್ಣು ತೆಗೆಯೋಕೇ ಆಗಲ್ಲ ಮೇಡಂ ಎಂದು ಹೇಳಿ ಹೋದ. ಅವಳು ನಕ್ಕಳು. ನಕ್ಕದ್ದಕ್ಕೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಏಕೆಂದರೆ ಆ ಹುಡುಗಿ ಅವಳ ಮಗಳು. ಕಚೇರಿಯಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ. ತನ್ನ ಚಿತ್ರ ಇಲ್ಲಿದೆಯೆಂದು ಮಗಳಿಗೂ ಗೊತ್ತಿರಲಿಲ್ಲ. ನಾಳೆ ಬೆಳಗ್ಗೆ ಮುಖಪುಟ ಅಚ್ಚಿಗೆ ಹೋಗಬೇಕಿತ್ತು.

ಪತ್ರಿಕೆಯ ಹೆಸರು ‘ಹತ್ತನೇ ಗ್ರಹ’. ಬಾಹ್ಯಾಕಾಶ, ಯಂತ್ರಮಾನವರು, ಕಾಲದಲ್ಲಿ ಹಿಂದೆ ಮುಂದೆ ಓಡಾಡುವವರು, ಇಂಥ ಸಿನಿಮಾಗಳಿಗೆಂದೇ ಹೊರಡಲಿದ್ದ ಮಾಸಪತ್ರಿಕೆ. ಓದಬೇಕಾದವರು ಮೀಸೆ ಚಿಗುರುವ, ಕನ್ನಡಿ ಬಿಡದ ವಯಸ್ಸಿನವರು. ಹೆಸರು ಗೊತ್ತುಮಾಡಿದ ದಿನ ಕರಡು ತಿದ್ದುವ ಮುದುಕರು ಕನ್ನಡಕದ ಮೇಲಿಂದ ನೋಡಿ, ಹತ್ತನೇ ಗ್ರಹ ಅನ್ನುವುದು ಅಳಿಯನಿಗಲ್ಲವೇ, ಹೆಣ್ಣು ಕೊಟ್ಟ ಮಾವಂದಿರೆಲ್ಲ ಹೆದರಿಕೊಂಡೇ ಚಂದಾ ಕಟ್ಟುತ್ತಾರೆ ಬಿಡಿ, ಎಂದಿದ್ದರು. ಎಲ್ಲರೂ ನಕ್ಕರೂ ಸಂಪಾದಕ ನಗಲಿಲ್ಲ. ಅವನಿಗೆ ಕಚೇರಿಯಲ್ಲಿ ಧೂಮಕೇತು ಎಂದು ಹೆಸರು. ಅಪರೂಪಕ್ಕೆ ಕಾಣಿಸಿಕೊಳ್ಳುತ್ತಿದ್ದ, ಬಂದಾಗ ಹಿಂದೊಂದು ಬಾಲ ಇರುತ್ತಿತ್ತು, ಹೋದಮೇಲೆ ಏನಾದರೊಂದು ಕೆಟ್ಟಿರುತ್ತಿತ್ತು. ಅವಳು ಈ ಸಂಸ್ಥೆಗೆ ಬಂದದ್ದು ಪಠ್ಯಪುಸ್ತಕದ ಪುಟ ಜೋಡಿಸಲು. ಕಪ್ಪೆಯ ಹೃದಯ, ಜ್ವಾಲಾಮುಖಿಯ ಅಡ್ಡಸೀಳು, ಗೊಬ್ಬರದ ಕಂಪನಿಯ ಕೈಪಿಡಿ, ಬ್ಯಾಂಕಿನ ಕ್ಯಾಲೆಂಡರು, ಹೀಗೆ ಅರ್ಧ ಆಯಸ್ಸು ಕಳೆದಿತ್ತು. ಅವಳು ಕಟ್ಟಿದ ಪುಟಗಳನ್ನು ಮಕ್ಕಳು ಗೀಚಿದರು, ಹರಿದರು, ಪರೀಕ್ಷೆ ಮುಗಿದ ದಿನ ತೂಕಕ್ಕೆ ಹಾಕಿದರು. ಒಬ್ಬರಾದರೂ ಕಣ್ಣು ಅಗಲಿಸಿ ನೋಡುವಂಥ ಒಂದು ಪುಟ ಮಾಡಬೇಕೆಂಬ ಆಸೆ ಅವಳಿಗಿತ್ತು, ಅದನ್ನು ಯಾರೆದುರೂ ಬಾಯಿಬಿಟ್ಟು ಹೇಳಿರಲಿಲ್ಲ. ‘ಹತ್ತನೇ ಗ್ರಹ’ವನ್ನು ಹೊಸದಾಗಿ ಸೇರಿದ ಕಿರಿಯಳಿಗೆ ಕೊಡುತ್ತಾರೆಂದು ಗೊತ್ತಾದಾಗ ನಾಚಿಕೆ ಬಿಟ್ಟು ಧೂಮಕೇತುವಿನ ಕೋಣೆಗೆ ಹೋಗಿ ಕೇಳಿದಳು. ಅವನು ಕನಿಕರದಿಂದ ಒಪ್ಪಿದ. ಆ ಕನಿಕರವನ್ನೂ ಅವಳು ಬಾಚಿಕೊಂಡಳು. ಮೊದಲ ಮಾದರಿ ಸಂಚಿಕೆಯನ್ನು ಅವನು ಒಂದೇ ಬೆರಳಲ್ಲಿ, ಕೈಗೆ ಅಂಟೀತೆಂಬ ಹಾಗೆ ಮಗುಚಿ, “ಎಲ್ಲ ಸರಿ ಮೇಡಂ, ಬಿಟ್ಟ ಸ್ಥಳ ತುಂಬಿರಿ ಎಲ್ಲಿ? ಪಾಠದ ಕೊನೇಲಿ ಪ್ರಶ್ನೆ ಬೇಡ್ವಾ?” ಎಂದು ಕೇಳಿದ. ಬಾಲ ನಕ್ಕಿತು. ಕಿರಿಯಳು ನಗಲಿಲ್ಲ, ನೆಲ ನೋಡಿದಳು. ಅದೇ ಹೆಚ್ಚು ಚುಚ್ಚಿತು. ಹೊರಡುವಾಗ ಅವನು ಬಾಗಿಲಲ್ಲಿ ನಿಂತು, ನಿಮ್ಮನೇಲೇ ಆ ವಯಸ್ಸಿನ ಮಗಳಿದ್ದಾಳಲ್ಲ, ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೀತೀರಲ್ಲ, ಎಂದ.

ಅಂದಿನಿಂದ ಅವಳು ಬೆಣ್ಣೆಯನ್ನು ನೋಡತೊಡಗಿದ್ದಳು. ಊಟದ ಮೇಜಿನಲ್ಲಿ ಎದುರಿಗೆ ಕೂತ ಮಗಳ ಉಗುರಿನ ಬಣ್ಣ ಮಧ್ಯದ ಪುಟದ ಹಿನ್ನೆಲೆಯಾಯಿತು. ಅವಳ ಕೋಣೆಯ ಗೋಡೆಯಲ್ಲಿ ಪಟಗಳನ್ನು ಸೊಟ್ಟಗೆ, ಒಂದರ ಮೇಲೊಂದು ಅಂಟಿಸಿದ್ದ ರೀತಿ ಒಳಪುಟಗಳ ಜೋಡಣೆಯಾಯಿತು. ಗೆಳತಿಯರೊಂದಿಗೆ ಫೋನಿನಲ್ಲಿ ಆಡಿದ ಮಾತಿನ ತುಂಡುಗಳು ಶೀರ್ಷಿಕೆಗಳಾದವು. ಮಗಳು ಮಾತು ನಿಲ್ಲಿಸಿ ಏನಮ್ಮ ಎಂದು ಕೇಳಿದರೆ ಏನಿಲ್ಲ ಎನ್ನುತ್ತಿದ್ದಳು. ಒಮ್ಮೆ ಧೈರ್ಯಮಾಡಿ, ಪತ್ರಿಕೆಯ ಹೆಸರನ್ನು ಬರೆದ ಎರಡು ಬಗೆಯ ಅಕ್ಷರ ಮುಂದಿಟ್ಟು ಯಾವುದು ಚೆನ್ನ ಎಂದು ಕೇಳಿದ್ದಳು. ಯಾವುದಾದ್ರೂ, ಎಂದಿದ್ದಳು ಮಗಳು, ತಲೆಯೆತ್ತದೆ. ಮೊದಲು ಹಾಗಿರಲಿಲ್ಲ. ಶಾಲೆಯಿಂದ ಬಂದವಳು ಚೀಲ ಇಳಿಸುವ ಮೊದಲೇ ಇಡೀ ದಿನವನ್ನು ಅಡುಗೆಮನೆಯ ಕಟ್ಟೆಯ ಮೇಲೆ ಸುರಿಯುತ್ತಿದ್ದವಳು, ಈಗ ದಿನಕ್ಕೆರಡು ಪದ ಅಳೆದು ಕೊಡುತ್ತಿದ್ದಳು. ನೀರು ಸರಬರಾಜಿನಲ್ಲಿ ಪಾಳಿಯ ಮೇಲೆ ದುಡಿಯುವ ಗಂಡ, ವಯಸ್ಸು ಅಂಥದ್ದು, ತಾನಾಗೇ ಹೇಳಿದರೆ ಹೇಳುತ್ತಾಳೆ, ಸುಮ್ಮನೆ ಕೆದಕಬೇಡ, ಎಂದು ಹೇಳಿ ಮಗ್ಗುಲಾಗಿದ್ದ. ವಯಸ್ಸಿನ ಮೇಲೆ ಹೊರೆ ಹಾಕಿದರೆ ಎಷ್ಟು ಹಗುರ. ಅವಳೂ ಹಾಕಿ ನೋಡಿದಳು. ಹಗುರವಾಗಲಿಲ್ಲ. ಯಾವ ದಿನದಿಂದ ಹೀಗಾಯಿತೆಂದು ಅವಳಿಗೆ ಗೊತ್ತಿತ್ತು.

ಪುಟ ಕಟ್ಟುವವರಲ್ಲಿ ಒಂದು ರೂಢಿ ಇದೆ. ಬರಬೇಕಾದ ಚಿತ್ರ ಇನ್ನೂ ಬಂದಿಲ್ಲವೆಂದರೆ, ಅದೇ ಅಳತೆಯ ಇನ್ನಾವುದನ್ನೋ ಆ ಜಾಗದಲ್ಲಿ ಇಡುತ್ತಾರೆ, ಬೆಕ್ಕೋ, ಬೆಟ್ಟವೋ, ಯಾರದೋ ಮನೆಯ ಕೂಸೋ. ಜಾಗಕ್ಕಿಟ್ಟ ಚಿತ್ರ ಎನ್ನುತ್ತಾರೆ. ಅದನ್ನು ಯಾರೂ ನೋಡುವುದಿಲ್ಲ. ನಿಜವಾದದ್ದು ಬಂದ ದಿನ ಎತ್ತಿ ಹಾಕುತ್ತಾರೆ. ಮೊದಲ ಸಂಚಿಕೆಯ ಮುಖಪುಟಕ್ಕೆ ಒಂದು ಹೊಸ ಸಿನಿಮಾದ ಚಿತ್ರ ಬರಬೇಕಿತ್ತು. ಎಲ್ಲರೂ ಸತ್ತ ನೌಕೆಯಲ್ಲಿ ಒಬ್ಬಳೇ ಉಳಿದ ಹುಡುಗಿ, ಗಾಜಿನಾಚೆ ಮೇಲಕ್ಕೆ ನೋಡುತ್ತಿರುವುದು. ಸಿನಿಮಾದವರು ಇಂದು ಕಳಿಸುತ್ತೇವೆ ನಾಳೆ ಕಳಿಸುತ್ತೇವೆ ಎಂದು ಆಟವಾಡಿಸುತ್ತಿದ್ದರು. ಎರಡನೆಯ ಮಾದರಿ ತೋರಿಸಬೇಕಾದ ದಿನ ಹತ್ತಿರವಾದಾಗ ಅವಳು ಅದೇ ಓರೆಯಲ್ಲಿ ಮುಖವೆತ್ತಿದ ಹುಡುಗಿಯೊಬ್ಬಳಿಗಾಗಿ ಚಿತ್ರಸಂಗ್ರಹಗಳನ್ನೆಲ್ಲ ಜಾಲಾಡಿದಳು. ಸಿಕ್ಕವರೆಲ್ಲ ಹಲ್ಲು ತೋರಿಸುತ್ತಿದ್ದರು. ಕೊನೆಗೆ ತನ್ನ ಫೋನನ್ನು ತೆರೆದು, ಮಗಳ ಆ ಚಿತ್ರವನ್ನು, ತೆಗೆದಮೇಲೆ ಒಮ್ಮೆಯೂ ನೋಡದೆ ಇಟ್ಟಿದ್ದನ್ನು, ಒಂದು ದಿನದ ಮಟ್ಟಿಗೆ ತಾನೇ ಎಂದುಕೊಂಡು ಜಾಗಕ್ಕಿಟ್ಟಳು. ಇಟ್ಟಮೇಲೆ ಕೈ ಸುಮ್ಮನಿರಲಿಲ್ಲ. ಶಿರಸ್ತ್ರಾಣ ತೊಡಿಸಿದಳು. ಬಿಚ್ಚಿಹೋಗಿದ್ದ ಕೂದಲನ್ನು ಭಾರವಿಲ್ಲದ ಲೋಕದಲ್ಲೆಂಬಂತೆ ತೇಲಿಸಿದಳು. ಗಾಜಿನ ಮೇಲೆ ದೂರದ ಗ್ರಹವೊಂದರ ಕೆಂಪು ಹೊಳಪು ತಂದಳು. ಇಷ್ಟು ವರ್ಷಗಳಲ್ಲಿ ಕಲಿತದ್ದೆಲ್ಲ ಬೆರಳ ತುದಿಗೆ ತಾನಾಗಿ ಬಂದು ನಿಂತಿತ್ತು. ಮರುದಿನ ಧೂಮಕೇತು ಬಂದವನು ಮೊದಲ ಸಲ ಮಾತಿಲ್ಲದೆ ನಿಂತ. ಬಾಲವೂ ನಿಂತಿತು. “ಯಾರು ಈ ಹುಡುಗಿ?” ಎಂದು ಕೇಳಿದ.

“ಯಾರೋ,” ಎಂದಳು ಅವಳು. “ಸಂಗ್ರಹದಲ್ಲಿತ್ತು ಸರ್.”

ಎಷ್ಟು ಸಲೀಸಾಗಿ ಬಂತು ಆ ಮಾತು. ಹೆರುವಾಗ ಒಂದು ಹಗಲು ಒಂದು ರಾತ್ರಿ ಕೂಗಿದ್ದಳು; ಯಾರೋ ಎನ್ನಲು ಉಸಿರೂ ಖರ್ಚಾಗಲಿಲ್ಲ.

ಇವತ್ತು ಮಧ್ಯಾಹ್ನಕ್ಕೆ ಮೊದಲು ಕಿರಿಯಳು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತಳು. ಮಾದರಿ ಸಂಚಿಕೆಯನ್ನು ನೋಡಿ ಅಭಿಪ್ರಾಯ ಹೇಳಲು ಹತ್ತಿರದ ಶಾಲೆಯೊಂದರ ಮಕ್ಕಳು ಊಟದ ನಂತರ ಬರುವವರಿದ್ದರು. ಅವರಿಗೆ ಯಾವ ಪುಟ ಮೊದಲು ತೋರಿಸುವುದೆಂದು ಇಬ್ಬರೂ ಮಾತಾಡಿದರು. ಗ್ರಹಗಳನ್ನು ಹಳೆಯ ಚೆಂಡು, ತುಕ್ಕು ಹಿಡಿದ ತಟ್ಟೆಗಳಿಂದ ಕಟ್ಟುವವನ ಸಂದರ್ಶನ, ರಾಕ್ಷಸರಿಗೆ ಚರ್ಮ ಹೊಲಿಯುವ ಹೆಂಗಸಿನ ಚಿತ್ರಪುಟ. ಕಿರಿಯಳು ಒಳ್ಳೆಯವಳು. ಕಸಿದುಕೊಂಡ ಕೆಲಸದ ಬಗ್ಗೆ ಒಂದು ದಿನವೂ ಕಹಿ ಆಡಿದವಳಲ್ಲ. ಎದ್ದು ಹೋಗುವಾಗ ಮಾತ್ರ, “ಅಕ್ಕಾ, ಮುಖಪುಟದ ಹುಡುಗಿ ಕಡೆಯವರ ಒಪ್ಪಿಗೆ ತಗೊಂಡಿದೀರಲ್ವಾ? ಆಮೇಲೆ ಅವರ ಅಪ್ಪ ಅಮ್ಮ ಬಂದು ಜಗಳ ತೆಗೆದ್ರೆ ಕಷ್ಟ,” ಎಂದಳು. ಅಮ್ಮ ಜಗಳ ತೆಗೆಯುವುದಿಲ್ಲ ಎಂದು ಹೇಳಬೇಕೆನಿಸಿತು. ಹ್ಞೂಂ ಎಂದು ಗೋಣು ಹಾಕಿದಳು.

ಆ ಚಿತ್ರ ತೆಗೆದ ದಿನ ಕಚೇರಿಯಲ್ಲಿ ವಿದ್ಯುತ್ತು ಹೋಗಿ ಎಲ್ಲರನ್ನೂ ಬೇಗ ಮನೆಗೆ ಕಳಿಸಿದ್ದರು. ತನ್ನ ಬಳಿಯಿದ್ದ ಕೀಲಿಯಿಂದ ಬಾಗಿಲು ತೆರೆದು, ಚಪ್ಪಲಿ ಕಳಚಿ, ಒಳಗೆ ಬಂದಳು. ಮಗಳು ಅಷ್ಟು ಹೊತ್ತಿಗೇ ಬಂದಿರುತ್ತಾಳೆಂದು ಅಂದುಕೊಂಡಿರಲಿಲ್ಲ. ಕೋಣೆಯ ಬಾಗಿಲು ಓರೆಯಾಗಿತ್ತು. ಕಿಟಕಿಗೆ ಒತ್ತಿದ ಮಂಚದ ಮೇಲೆ ಮಗಳು ಮೊಣಕಾಲು ಮಡಿಸಿ ಕೂತಿದ್ದಳು, ಸಮವಸ್ತ್ರ ಬದಲಿಸಿರಲಿಲ್ಲ, ಎರಡು ಜಡೆಗಳಲ್ಲಿ ಒಂದು ಬಿಚ್ಚಿಹೋಗಿತ್ತು. ಎದುರು ಕಟ್ಟಡದ ಗಾಜಿಗೆ ಬಡಿದು ಮರಳಿದ ಬಿಸಿಲು ಅವಳ ಮುಖದ ಒಂದು ಪಕ್ಕಕ್ಕೆ ಬಿದ್ದಿತ್ತು. ಬಾಗಿಲಲ್ಲಿ ನಿಂತ ಅವಳು ಮೊದಲು ನೋಡಿದ್ದು ಆ ಬೆಳಕನ್ನು. ಇಂಥ ಬೆಳಕು ದುಡ್ಡು ಕೊಟ್ಟರೂ ಸಿಗುವುದಿಲ್ಲ, ಎಂದುಕೊಂಡಳು. ಆಮೇಲೆ, ಎಷ್ಟೋ ಹೊತ್ತಿನ ಮೇಲೆ ಎಂದು ಈಗ ತೋರುತ್ತದೆ, ಮಗಳು ಅಳುತ್ತಿದ್ದಾಳೆಂದು ಕಂಡಿತು. ಕೈಯಲ್ಲಿ ಆಗಲೇ ಫೋನು ಇತ್ತು. ಒಂದು ಚಿತ್ರ ತೆಗೆದಳು. ನಂತರ ಕಾಲಿನ ಸಪ್ಪಳವಾಗದಂತೆ ಹಿಂದಕ್ಕೆ ಸರಿದು, ಬಾಗಿಲು ಎಳೆದುಕೊಂಡು, ಮೆಟ್ಟಿಲಿಳಿದು ಬೀದಿಯ ತುದಿಯವರೆಗೆ ನಡೆದು, ತಿರುಗಿ ಬಂದು ಗಂಟೆ ಒತ್ತಿದಳು. ಮಗಳು ಮುಖ ತೊಳೆದುಕೊಂಡು ಬಾಗಿಲು ತೆರೆದಳು. ಚಹಾ ಮಾಡಲಾ ಎಂದು ಕೇಳಿದಳು ಅವಳು. ಬೇಡ ಎಂದಳು ಮಗಳು.

ಇದಕ್ಕೆ ಅವಳ ಬಳಿ ಒಂದು ಸಮಾಧಾನವಿತ್ತು, ಅದನ್ನು ದಿನಾ ತಿಕ್ಕಿ ಹೊಳಪಿಡುತ್ತಿದ್ದಳು. ಅವಳ ಅಮ್ಮನಿಗೆ ಬಾಗಿಲೆಂದರೆ ತಳ್ಳುವ ವಸ್ತು. ಚಿಕ್ಕಂದಿನಲ್ಲಿ ಅವಳು ಸ್ನಾನದ ಮನೆಯಲ್ಲಿರಲಿ, ಪುಸ್ತಕದೊಳಗೆ ಮುಖ ಹುದುಗಿಸಿರಲಿ, ದಿಂಬು ಕಚ್ಚಿ ಅಳುತ್ತಿರಲಿ, ಅಮ್ಮ ನುಗ್ಗಿ ಬಂದು, ಏನಾಯ್ತೇ, ಯಾರೇನಂದ್ರು, ಬಾಯಿ ಬಿಡೇ, ಎಂದು ಭುಜ ಹಿಡಿದು ಅಲುಗಿಸುತ್ತಿದ್ದಳು. ಹೇಳಿದರೆ ಸಂಜೆಯೊಳಗೆ ಅಕ್ಕಪಕ್ಕದ ಮನೆಗೆಲ್ಲ ಗೊತ್ತಾಗುತ್ತಿತ್ತು, ಹೇಳದಿದ್ದರೆ ಬೆನ್ನಿಗೊಂದು ಬೀಳುತ್ತಿತ್ತು. ನನ್ನ ಮಕ್ಕಳ ಬಾಗಿಲನ್ನು ನಾನು ತಟ್ಟದೆ ತೆರೆಯುವುದಿಲ್ಲ ಎಂದು ಅವಳು ಆಗಲೇ ಶಪಥ ಮಾಡಿದ್ದಳು. ಹಾಗಾದರೆ ಅಂದು ತಟ್ಟಬಹುದಿತ್ತಲ್ಲ? ಇಲ್ಲಿಗೆ ಬಂದಾಗ ಸಮಾಧಾನ ಬಿರುಕು ಬಿಡುತ್ತಿತ್ತು. ಅಮ್ಮ ಸತ್ತು ಎಷ್ಟೋ ಕಾಲವಾಯಿತು; ಈಗ ನೆನಪಾಗುವುದು ಬೆನ್ನ ಮೇಲಿನ ಏಟಲ್ಲ, ಹೊಡೆದಮೇಲೆ ತಾನೂ ಅಲ್ಲೇ ಕೂತು, ಕಾರಣ ಗೊತ್ತಿಲ್ಲದೆಯೂ, ಮಗಳ ಜತೆ ಅತ್ತುಬಿಡುತ್ತಿದ್ದ ಆ ಮೂಢ ಹೆಂಗಸಿನ ಬೆವರು ವಾಸನೆಯ ಸೆರಗು. ತನ್ನ ಮಗಳ ಮುಖದ ಪ್ರತಿ ಚುಕ್ಕೆಯನ್ನೂ ಅವಳು ಪರದೆಯ ಮೇಲೆ ದೊಡ್ಡದು ಮಾಡಿ ನೋಡಿದ್ದಾಳೆ, ಹುಬ್ಬಿನ ಸಿಕ್ಕು, ಹನಿಯೊಳಗೆ ತಲೆಕೆಳಗಾಗಿ ನಿಂತ ಕಿಟಕಿ. ಯಾಕೆ ಅಳುತ್ತಿದ್ದಳೆಂದು ಮಾತ್ರ ಇವತ್ತಿನವರೆಗೆ ಗೊತ್ತಿಲ್ಲ.

ಊಟದ ನಂತರ ಶಾಲೆಯ ಮಕ್ಕಳು ಬಂದರು. ಸಭೆಯ ಕೋಣೆಯಲ್ಲಿ ಕುರ್ಚಿ ಎಳೆದಾಡಿ, ಚಕ್ರವಿದ್ದವುಗಳಲ್ಲಿ ಒಂದು ಸುತ್ತು ತಿರುಗಿ, ಜತೆಗೆ ಬಂದಿದ್ದ ಮೇಷ್ಟ್ರು ಕಣ್ಣು ಬಿಟ್ಟಮೇಲೆ ಕೂತರು. ಅವಳು ಹಿಂದಿನ ಗೋಡೆಗೆ ಒರಗಿ ನಿಂತಳು. ಈ ಜನರಿಗಾಗಿ ತಾನೇ ಇಷ್ಟು ದಿನ ಕಣ್ಣು ಕೆಂಪು ಮಾಡಿಕೊಂಡದ್ದು, ಆದರೂ ಅವರ ಮುಖ ನೋಡಲು ಹೆದರಿಕೆ. ಇವರಲ್ಲಿ ಯಾರಾದರೂ ಮಗಳ ಶಾಲೆಯವರೇ? ಸಮವಸ್ತ್ರ ಬೇರೆ, ಉಸಿರು ಬಂತು. ಪುಟಗಳು ಕೈಯಿಂದ ಕೈಗೆ ಹೋದವು. ಒಬ್ಬ ಹುಡುಗ ಲೇಖನವೊಂದನ್ನು ತೂಗುವವನ ಹಾಗೆ ಎತ್ತಿ ಹಿಡಿದು, ರೋಬಾಟ್ ಬಗ್ಗೆ ಇಷ್ಟುದ್ದ ಬರೆದ್ರೆ ರೋಬಾಟೇ ಓದ್ಬೇಕು ಅಂಕಲ್ ಎಂದ, ಧೂಮಕೇತುವೂ ನಕ್ಕ. ರಾಕ್ಷಸರ ಚರ್ಮ ಹೊಲಿಯುವವಳು ಎಲ್ಲರಿಗೂ ಹಿಡಿಸಿದಳು. ಆಮೇಲೆ ಮುಖಪುಟವನ್ನು ಗೋಡೆಯ ಮೇಲೆ ದೊಡ್ಡದಾಗಿ ಹಾಕಿದರು. ಗದ್ದಲ ಅಡಗಿತು. ಮಗಳು ಗೋಡೆಯಷ್ಟು ದೊಡ್ಡವಳಾಗಿ ಎಲ್ಲರ ತಲೆಯ ಮೇಲೆ ತೇಲಿದಳು. ಸಿನಿಮಾ ಯಾವುದು, ಯಾವಾಗ ಬರುತ್ತೆ ಎಂದು ಕೇಳಿದರು. ಮುಂದಿನ ಸಾಲಿನಲ್ಲಿ, ಆವರೆಗೆ ಮಾತೇ ಆಡದಿದ್ದ ಹುಡುಗಿಯೊಬ್ಬಳು ಕೈ ಎತ್ತದೆ, ಯಾರಿಗೋ ಅಲ್ಲ, ಗೋಡೆಗೇ ಹೇಳುವವಳಂತೆ ಹೇಳಿದಳು: “ಇವಳು ಯಾರನ್ನೋ ಕರೆದಿದಾಳೆ. ಅವರು ಬರಲ್ಲ ಅಂತ ಈಗ ತಾನೇ ಗೊತ್ತಾಗಿದೆ.”

“ಆಕಾಶದಲ್ಲಿ ನೆಟ್‌ವರ್ಕ್ ಇರಲ್ಲ ಕಣೇ,” ಎಂದ ಪಕ್ಕದ ಹುಡುಗ.

ಕೋಣೆಯೆಲ್ಲ ನಕ್ಕಿತು. ಮೇಷ್ಟ್ರೂ ನಕ್ಕರು. ಅವಳು ಹೊರಗೆ ಬಂದು, ನೀರಿನ ಯಂತ್ರದ ಮುಂದೆ ನಿಂತು, ಲೋಟ ತುಂಬಿ ಹರಿಯುತ್ತಿದ್ದರೂ ಗುಂಡಿಯ ಮೇಲಿನ ಬೆರಳು ತೆಗೆಯದೆ ಇದ್ದಳು. ಚಪ್ಪಲಿ ಒದ್ದೆಯಾಯಿತು.

ಸಂಜೆ ಹೊರಡುವ ಹೊತ್ತಿಗೆ ಸಿನಿಮಾದವರ ಚಿತ್ರ ಬಂತು. ಇದನ್ನು ಅವಳು ನಿರೀಕ್ಷಿಸಿರಲಿಲ್ಲ. ಬರುವುದೇ ಇಲ್ಲವೆಂದು ಒಳಗೊಳಗೆ ನಂಬಿಕೊಂಡಿದ್ದಳು, ಬಾರದಿರಲೆಂದೂ ಇರಬಹುದು. ನಟಿ ಚೆನ್ನಾಗಿದ್ದಳು. ಗಾಜಿನಾಚೆ ಸರಿಯಾಗಿ ಎಲ್ಲಿ ನೋಡಬೇಕೋ ಅಲ್ಲಿ ನೋಡುತ್ತಿದ್ದಳು, ಹನಿಯೂ ಇತ್ತು, ತೂಗಿ ಇಟ್ಟ ಹನಿ. ಅವಳು ಅದನ್ನು ಮುಖಪುಟಕ್ಕೆ ಹಾಕಿ ನೋಡಿದಳು. ಯಾವ ದೋಷವೂ ಇರಲಿಲ್ಲ. ಪಾಠದ ಕೊನೆಗೆ ಪ್ರಶ್ನೆಗಳಿರಬಹುದಾದ ಪುಟ. ಧೂಮಕೇತು ಬಗ್ಗಿ ನೋಡಿ, ಅವಳು ಹೇಳದಿದ್ದುದನ್ನೇ ಹೇಳಿದ, ಇದೂ ಆಗುತ್ತೆ, ಆದರೆ ಅದರ ಮುಂದೆ ಇದು ಸಪ್ಪೆ. ನಿಮ್ಮಿಷ್ಟ ಮೇಡಂ, ಎರಡರಲ್ಲಿ ಯಾವುದು ಕಳಿಸಿದರೂ ನನ್ನ ಒಪ್ಪಿಗೆ ಇದೆ. ನಿಮ್ಮಿಷ್ಟ ಎಂದು ಈ ಕಚೇರಿಯಲ್ಲಿ ಅವಳಿಗೆ ಯಾರೂ ಹೇಳಿದ್ದಿಲ್ಲ. ನಟಿಯನ್ನು ಇಟ್ಟು ಮನೆಗೆ ಹೋಗಿಬಿಡಬಹುದಿತ್ತು. ಚಿತ್ರ ಬಂತು, ಜಾಗಕ್ಕಿಟ್ಟದ್ದು ಹೋಯಿತು, ಮಗಳಿಗೆ ಯಾವತ್ತೂ ಗೊತ್ತಾಗುತ್ತಿರಲಿಲ್ಲ. ಅವಳು ಮಗಳಿದ್ದ ಮುಖಪುಟವನ್ನು ದಪ್ಪ ಕಾಗದದಲ್ಲಿ ತೆಗೆಸಿ, ಮಡಿಕೆಯಾಗದಂತೆ ರಟ್ಟಿನ ನಡುವೆ ಇಟ್ಟು, ಚೀಲಕ್ಕೆ ಹಾಕಿಕೊಂಡಳು. ಕೇಳುತ್ತೇನೆ, ಬೇಡ ಅಂದರೆ ಬೇಡ, ಎಂದು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಳ್ಳುವಾಗಲೇ ಮಗಳು ಬೇಡವೆನ್ನದ ಹಾಗೆ ಹೇಗೆ ಕೇಳಬೇಕೆಂದು ಇನ್ನೊಂದು ಮನಸ್ಸು ಮಾತು ಜೋಡಿಸುತ್ತಿತ್ತು.

ಬಸ್ಸಿನಲ್ಲಿ ನಿಲ್ಲಲು ಜಾಗ ಸಿಕ್ಕಿತು. ರಟ್ಟು ಮುರಿಯದಂತೆ ಚೀಲವನ್ನು ಎದೆಗೆ ಅವುಚಿಕೊಂಡಳು, ಕೂಸನ್ನು ಅವುಚಿಕೊಂಡ ಹಾಗೆ ಎಂದು ಹೊಳೆದು ಕೆಳಗಿಳಿಸಿದಳು. ಮುಂದೆ ನಿಂತವಳ ಚೀಲದಲ್ಲಿ ಯಾರೋ ಕರೆಯುತ್ತಿದ್ದ ಫೋನು ನಡುಗಿತು, ನಿಂತಿತು, ಮತ್ತೆ ನಡುಗಿತು. ಆ ನಡುಕ ಅವಳ ಅಂಗೈಗೆ ಬಂತು. ಅಂದು ಬಾಗಿಲಲ್ಲಿ ಅವಳು ಒಂದು ಚಿತ್ರ ತೆಗೆದಳು, ಅಷ್ಟೇ, ಎಂದು ಎಷ್ಟು ಸಲ ಹೇಳಿಕೊಂಡಿದ್ದಳು. ಅಷ್ಟೇ ಆಗಿರಲಿಲ್ಲ. ಅವಳು ಫೋನೆತ್ತಿ ಅಳತೆ ನೋಡುತ್ತಿದ್ದಾಗ ಮಗಳ ಕೈಯಲ್ಲೂ ಫೋನಿತ್ತು. ಮಗಳು ಅದನ್ನು ಕಿವಿಗಿಟ್ಟುಕೊಂಡಳು. ಅವಳ ಅಂಗೈಯಲ್ಲಿ ಸದ್ದಿಲ್ಲದ ನಡುಕವೆದ್ದು, ಪರದೆಯ ಮೇಲೆ ಮಗಳ ಹೆಸರು ಮೂಡಿ ಮಗಳ ಮುಖವನ್ನು ಮುಚ್ಚಿತು. ಹತ್ತು ಹೆಜ್ಜೆ ಆಚೆ ಕೂತು ಮಗಳು ಅಮ್ಮನನ್ನು ಕರೆಯುತ್ತಿದ್ದಳು. ಅವಳ ಹೆಬ್ಬೆರಳು, ಯಾರನ್ನೂ ಕೇಳದೆ, ಆ ಹೆಸರನ್ನು ಪಕ್ಕಕ್ಕೆ ತಳ್ಳಿತು, ಹಿಂದಿನ ಚಿತ್ರ ಕಾಣಲಿ ಎಂದು. ಮಗಳು ಫೋನನ್ನು ಕಿವಿಯಿಂದ ಇಳಿಸಿ ನೋಡಿದಳು. ಆಮೇಲೆ ಮುಖವೆತ್ತಿ ಕಿಟಕಿಯಾಚೆ, ಮೇಲಕ್ಕೆ, ಏನೂ ಇಲ್ಲದ ಕಡೆ ನೋಡಿದಳು. ಅವಳು ತೆಗೆದದ್ದು ಆ ಚಿತ್ರ. ಗಂಟೆ ಒತ್ತಿ ಒಳಗೆ ಬಂದಾಗ ಮಗಳು, ಫೋನ್ ಯಾಕೆ ಕಟ್ ಮಾಡ್ದೆ ಎಂದು ಕೇಳಿದ್ದಳು. ಮೀಟಿಂಗಲ್ಲಿದ್ದೆ ಕಣೇ ಎಂದಿದ್ದಳು ಅವಳು. ಚಹಾದ ಮಾತು ಅದರ ನಂತರದ್ದು. ಇಳಿಯಬೇಕಾದ ನಿಲ್ದಾಣ ದಾಟಿಹೋಗಿತ್ತು. ಮುಂದಿನದರಲ್ಲಿ ಇಳಿದು ಹಿಂದಕ್ಕೆ ನಡೆದಳು.

ಮಗಳು ಊಟದ ಮೇಜಿನಲ್ಲಿ ಕೂತು ಶಾಲೆಯ ನಕಾಶೆಗೆ ಬಣ್ಣ ಹಾಕುತ್ತಿದ್ದಳು. ಗಂಡ ಪಾಳಿಗೆ ಹೋಗಿದ್ದ. ಕೈಕಾಲು ತೊಳೆದು, ಬೇಕಿಲ್ಲದ ಪಾತ್ರೆಯೊಂದನ್ನು ತೊಳೆದು, ಒರೆಸಿ, ಅವಳು ಎದುರಿಗೆ ಕೂತಳು. ದಾರಿಯಲ್ಲಿ ಜೋಡಿಸಿದ್ದ ಮಾತೊಂದೂ ನೆನಪಿಗೆ ಬರಲಿಲ್ಲ. ಪತ್ರಿಕೆಯ ಮುಖಪುಟ ನೋಡ್ತೀಯಾ ಎಂದಷ್ಟೇ ಕೇಳಿ, ರಟ್ಟು ಬಿಚ್ಚಿ, ನಕಾಶೆಯ ಮೇಲಿಟ್ಟಳು. ಮಗಳು ನೋಡಿದಳು. ಅವಳ ಬಾಯಿ ಸ್ವಲ್ಪ ತೆರೆಯಿತು. “ನಾನಾ ಇದು?” ಎಂದಳು, ಮತ್ತೆ, “ಅಮ್ಮಾ, ನಾನು ಹೀಗಿದೀನಾ?” ಎಂದಳು. ಮುಖದ ಮೇಲೆ, ಎಷ್ಟೋ ದಿನಗಳ ಮೇಲೆ, ಒಂದು ಎಳೆಯ ಬೆಳಕು ಮೂಡಿತು. ಎಲ್ಲರೂ ನೋಡಿ ಬೆರಗಾದರು, ಮಕ್ಕಳು ನಟಿ ಅಂದುಕೊಂಡರು, ನೀನು ಹ್ಞೂಂ ಅಂದರೆ ಮಾತ್ರ, ಇಲ್ಲದಿದ್ದರೆ ಬೇರೆಯದಿದೆ, ಎಂದು ಒಂದರ ಹಿಂದೊಂದು ಹೇಳಿಕೊಂಡು ಹೋದಳು. ಮಗಳು ಶಿರಸ್ತ್ರಾಣದ ಹೊಳಪನ್ನು ಬೆರಳಲ್ಲಿ ಮುಟ್ಟಿದಳು. ಬೆರಳು ಅಲ್ಲಿಂದ ತೇಲುವ ಕೂದಲಿಗೆ ಬಂತು. ಅಲ್ಲಿ ನಿಂತಿತು.

“ಇದು ಯಾವಾಗ ತೆಗೆದಿದ್ದು?”

“ಯಾವಾಗಲೋ. ನೀನು ಕಿಟಕಿ ಹತ್ತಿರ ಕೂತಿದ್ದೆ.”

“ಒಂದೇ ಜಡೆ ಇದೆ,” ಎಂದಳು ಮಗಳು. ಮೇಜಿನ ಮೇಲಿದ್ದ ಬಣ್ಣದ ಪೆನ್ಸಿಲೊಂದು ಉರುಳಿ ಕೆಳಗೆ ಬಿತ್ತು, ಇಬ್ಬರೂ ಬಗ್ಗಲಿಲ್ಲ. “ಅವತ್ತು ಮನೇಲಿ ಯಾರೂ ಇರ್ಲಿಲ್ಲ.”

ಅವಳು ರಟ್ಟಿನ ಅಂಚು ಸರಿಮಾಡಿದಳು.

“ನೀನು ಬಾಗಿಲಲ್ಲಿದ್ದೆ.”

ಹ್ಞೂಂ ಎಂದಳು. ಅದು ಹೊರಗೆ ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ.

“ಮೀಟಿಂಗಲ್ಲಿದ್ದೆ ಅಂದೆ.” ಮಗಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಲೆಕ್ಕ ಬಿಡಿಸುತ್ತ ಹೋದವಳು ಉತ್ತರ ಬಂದಾಗ ಅದನ್ನು ಓದಿ ಹೇಳಿದ ಹಾಗಿತ್ತು. ಈಗ ಕೂಗುತ್ತಾಳೆ, ಎಂದುಕೊಂಡಳು ಅವಳು. ಹರಿದು ಹಾಕುತ್ತಾಳೆ, ಎದ್ದು ಹೋಗಿ ಬಾಗಿಲು ಬಡಿಯುತ್ತಾಳೆ. ಹಾಗಾಗಲಿ ಎಂದು ಹಂಬಲಿಸಿದಳು. ಹರಿದರೆ ತುಂಡುಗಳನ್ನು ಆಯಬಹುದು, ಬಾಗಿಲು ಬಡಿದರೆ ಈ ಸಲ ಅಮ್ಮನ ಹಾಗೆ ತಳ್ಳಿಕೊಂಡು ಹೋಗಬಹುದು. ಏನಾಗಿತ್ತು ಅವತ್ತು, ಯಾರೇನಂದರು, ಹೇಳೇ, ಎನ್ನಲು ಬಾಯಿ ತೆರೆದಳು. ಕೈ ಚಾಚಿ ಮಗಳ ಮಣಿಕಟ್ಟು ಹಿಡಿದಳು. ಮಗಳು ಕೈ ಎಳೆದುಕೊಳ್ಳಲಿಲ್ಲ. ಬಸ್ಸಿನಲ್ಲಿ ಪಕ್ಕದವರ ಕೈ ತಾಗಿದರೆ ಸಹಿಸಿಕೊಳ್ಳುವ ಹಾಗೆ, ಅದು ತಾನಾಗಿ ಸರಿಯುವವರೆಗೆ ಕಾದಳು. ಅವಳು ಕೈ ತೆಗೆದಳು.

“ಯಾಕೆ ಅತ್ತೆ ಅಂತ ನಾನು...”

“ಅದೆಲ್ಲ ಮುಗೀತು ಬಿಡಮ್ಮ,” ಎಂದಳು ಮಗಳು, ದೊಡ್ಡವರು ಚಿಕ್ಕವರಿಗೆ ಹೇಳುವಂತೆ. ಮುಖಪುಟವನ್ನು ತನ್ನ ಕಡೆಗೆ ತಿರುಗಿಸಿಕೊಂಡು, ತಲೆ ಓರೆ ಮಾಡಿ ನೋಡಿದಳು. ಪರಿಚಯವಿಲ್ಲದ ಹುಡುಗಿಯೊಬ್ಬಳನ್ನು ನೋಡುವ ನೋಟ. “ಹಾಕ್ಕೋ. ಚೆನ್ನಾಗಿದೆ. ಆದ್ರೆ ನಿನ್ನ ಪತ್ರಿಕೆ ಹೆಸರು ಇದೆಯಲ್ಲ, ಮೇಲೆ ಬೇಡ. ಇಲ್ಲಿ ತಾ.” ಬೆರಳನ್ನು ಚಿತ್ರದ ತುಟಿಗಳ ಮೇಲೆ ಅಡ್ಡಕ್ಕೆ ಎಳೆದಳು. “ಬಾಯಿ ಮುಚ್ಚಲಿ. ಬಾಯಿ ಕಂಡ್ರೆ ಸ್ಕೂಲಲ್ಲಿ ಎಲ್ಲರಿಗೂ ನಾನೇ ಅಂತ ಗೊತ್ತಾಗತ್ತೆ.” ಆಮೇಲೆ ಮುಖಪುಟವನ್ನು ನಕಾಶೆಯ ಮೇಲಿಂದ ಎತ್ತಿ ಅಮ್ಮನ ಕಡೆ ಸರಿಸಿ, ಅರ್ಧಕ್ಕೆ ನಿಂತಿದ್ದ ಸಮುದ್ರಕ್ಕೆ ಬಣ್ಣ ಹಾಕತೊಡಗಿದಳು.

ಬೇಡ, ಹಾಕುವುದಿಲ್ಲ, ನಾಳೆ ನಟಿಯದನ್ನೇ ಕಳಿಸುತ್ತೇನೆ ಎಂದು ಹೇಳಬೇಕಿತ್ತು. ಹೇಳುತ್ತೇನೆ ಎಂದುಕೊಂಡೇ ಅವಳು ಮಗಳು ತೋರಿಸಿದ ಜಾಗವನ್ನು ನೋಡಿದಳು. ಬಾಯಿಯ ಮೇಲೆ ಅಕ್ಷರ ಬಂದರೆ ಉಳಿಯುವುದು ಕಣ್ಣು ಮಾತ್ರ. ನೋಡಿದವರು ಆ ಕಣ್ಣಿನಿಂದ ತಪ್ಪಿಸಿಕೊಳ್ಳಲಾರರು. ಇಷ್ಟು ದಿನ ತನಗೆ ಹೊಳೆಯದಿದ್ದುದು. ಅವಳು ಬಗ್ಗಿ ನೆಲದ ಮೇಲಿದ್ದ ಪೆನ್ಸಿಲನ್ನು ಎತ್ತಿಕೊಂಡು, ಮಗಳ ತುಟಿಗಳ ಮೇಲೆ ತೆಳ್ಳಗೆ ಒಂದು ಗೆರೆ ಎಳೆದಳು. ಅಕ್ಷರ ಅಲ್ಲಿ ಸರಿಯಾಗಿ ಕೂರುತ್ತಿತ್ತು.